ಸೋಮಂದೇಪಲ್ಲಿ ಸುತ್ತಿನ ಕನ್ನಡದಲ್ಲಿ 'ಮಲ' ಸಂಬಂಧಗಳ ಮಾತು: ಒಂದು ವಿಮರ್ಶೆ

೧

ನೆಂಟಸ್ತಿಕೆಯ ಪದಗಳನ್ನು ಸಂಗ್ರಹಿಸುವುದು ಉಪಭಾಷಾ ಅಧ್ಯಯನದಲ್ಲಿ ಬಹು ಹಿಂದಿನಿಂದ ನಡೆದುಬಂದ ಕೆಲಸ. ಮೈಯ ಅಂಗಗಳು, ಎಣಿಕೆ, ನೆಂಟಸ್ತಿಕೆ ಈ ಮೂರನ್ನು ಬಿಟ್ಟು ಪ್ರಶ್ನಾವಳಿ ಸಿದ್ಧವಾಗುವುದಿಲ್ಲ. ಅಪ್ಪ, ಅವ್ವ, ಅಣ್ಣ, ಅಕ್ಕ, ಅತ್ತೆ, ಮಾವ ಇವುಗಳಿಗೆ ಊರಿಗೊಂದು ರೂಪ, ಜಾತಿಗೊಂದು ರೂಪ ಸಿಕ್ಕುತ್ತದೆ. ಆದರೆ ಅಪ್ಪನ ಎರಡನೆಯ ಹೆಂಡತಿ ಎಂಬಲ್ಲಿಗೆ ಬಂದ ಕೂಡಲೆ ಸಾಮಾನ್ಯವಾಗಿ ನಮ್ಮ ಪಟ್ಟಿಗಳೆಲ್ಲ ಒಂದೇ ಪದ ಹೇಳುತ್ತವೆ: ಮಲತಾಯಿ. ಅವಳ ಮಕ್ಕಳಿಗೆ ಮಲಸಹೋದರ, ಮಲಸಹೋದರಿ. ಅಲ್ಲಿಗೆ ಆ ಸಾಲು ಮುಗಿಯಿತು.

ಭಾಷೆ ಹೀಗೆ ನಡೆಯುವುದಿಲ್ಲ. ಅಜ್ಜಿಗೆ ಹತ್ತು ಪದ ಇಟ್ಟುಕೊಂಡ ಜನ, ಮನೆಯೊಳಗೆ ದಿನ ಬೆಳಗಾದರೆ ಎದುರಿಗೆ ಬರುವ ಇನ್ನೊಬ್ಬ ತಾಯಿಗೆ ಬೀದರಿನಿಂದ ಚಾಮರಾಜನಗರದ ತನಕ ಒಂದೇ ಪದದಲ್ಲಿ ತೃಪ್ತರಾಗಿದ್ದಾರೆ ಎಂದರೆ ನಂಬುವುದು ಕಷ್ಟ. ಇದಕ್ಕೆ ಕಾರಣ ಕ್ಷೇತ್ರಕಾರ್ಯ ಮಾಡುವವರ ಸೋಮಾರಿತನವಲ್ಲ, ಪ್ರಶ್ನೆಯ ರೂಪ. "ನಿಮ್ಮೂರಲ್ಲಿ ಮಲತಾಯಿಗೆ ಏನಂತೀರಿ?" ಎಂದು ಕೇಳಿದರೆ ಉತ್ತರ ಪ್ರಶ್ನೆಯೊಳಗೇ ಕೂತಿರುತ್ತದೆ. ಕೇಳಿಸಿಕೊಂಡವರು, ಓದಿದವರ ಮುಂದೆ ಓದಿದ ಮಾತೇ ಇರಲಿ ಅಂತ, "ಮಲತಾಯಿ ಅಂತೀವಿ" ಅಂದುಬಿಡುತ್ತಾರೆ. ಪದ ನಿಘಂಟಿನಿಂದ ಹೊರಟು ಊರಿಗೆ ಹೋಗಿ, ಅಲ್ಲಿ ಒಂದು ಲೋಟ ನೀರು ಕುಡಿದು, ಮತ್ತೆ ನಿಘಂಟಿಗೇ ವಾಪಸು ಬರುತ್ತದೆ.

ಪ್ರಸ್ತುತ ಪ್ರಬಂಧದಲ್ಲಿ ಸೋಮಂದೇಪಲ್ಲಿ ಮತ್ತು ಅದರ ಸುತ್ತಿನ ಮನೆಗನ್ನಡವನ್ನು ಮುಂದಿಟ್ಟುಕೊಂಡು ಈ ಒಂದು ಸಾಲನ್ನು ಪರಿಶೀಲಿಸಲಾಗಿದೆ. ನಾನು ಭಾಷಾಶಾಸ್ತ್ರ ಕಲಿತವನಲ್ಲ. ಸಂಸ್ಕೃತ ಪಾಠ ಹೇಳಿಕೊಂಡು ಬಂದವನು. ಆದ್ದರಿಂದ ಅಮರಕೋಶ, ವ್ಯಾಕರಣ, ಸ್ಮೃತಿಗಳ ಕಡೆಯಿಂದ ಕಾಣುವುದನ್ನೂ ಸೇರಿಸಿ ಹೇಳುತ್ತೇನೆ.

೨

ಮೊದಲು ಪ್ರದೇಶದ ವಿಚಾರ. ಸೋಮಂದೇಪಲ್ಲಿ ಹಿಂದೂಪುರಕ್ಕೂ ಪೆನುಕೊಂಡೆಗೂ ನಡುವೆ ಇದೆ. ೧೮೮೨ರಲ್ಲಿ ಬಳ್ಳಾರಿಯಿಂದ ಬೇರೆಯಾದ ಅನಂತಪುರ ಜಿಲ್ಲೆಯಲ್ಲಿ ಬಹುಕಾಲ ಇದ್ದು, ೨೦೨೨ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಕಲ್ಯಾಣದುರ್ಗ, ರಾಯದುರ್ಗದ ಕಡೆ ಹಳೆಯ ಜಿಲ್ಲೆಯಲ್ಲೇ ಉಳಿದಿದೆ. ಮಡಕಶಿರಾ ಸೀಮೆಯ ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆಗಳಲ್ಲಿ ಕನ್ನಡ ಬೀದಿಯ ಮಾತು, ಶಾಲೆಯ ಮಾತೂ ಹೌದು. ಸೋಮಂದೇಪಲ್ಲಿಯ ಕಡೆ ಹಾಗಲ್ಲ. ಇಲ್ಲಿ ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ತೆಲುಗು, ಹಟ್ಟಿಯೊಳಗೆ ಹಲವರ ಮನೆಯಲ್ಲಿ ಕನ್ನಡ. ಊರಿನ ಹೆಸರಲ್ಲಿ 'ಪಲ್ಲಿ' ಅಂದರೂ ಮನೆಯ ಮಾತಲ್ಲಿ 'ಹಳ್ಳಿ', ಅದೂ 'ಅಳ್ಳಿ'. ಹಕಾರ ಜಾರುತ್ತದೆ, ಚಕಾರ ಸಕಾರವಾಗುತ್ತದೆ: ಹೆಂಡ್ತಿ ಎಂಡ್ತಿ, ಹೊಟ್ಟೆ ಒಟ್ಟೆ, ಚಿಕ್ಕಮ್ಮ ಸಿಕ್ಕಮ್ಮ. ಸುತ್ತಿನ ತೆಲುಗಿನಲ್ಲೂ ಚಿನ್ನಮ್ಮ ಸಿನ್ನಮ್ಮ ಆಗುವುದರಿಂದ ಎರಡು ಭಾಷೆಗಳೂ ಈ ವಿಷಯದಲ್ಲಿ ಒಂದನ್ನೊಂದು ತಾಂಗಿಕೊಂಡಿವೆ.

ಯು. ಪಿ. ಉಪಾಧ್ಯಾಯರು ೧೯೭೬ರಲ್ಲಿ ಪ್ರಕಟಿಸಿದ ಕನ್ನಡ ಉಪಭಾಷೆಗಳ ತೌಲನಿಕ ಅಧ್ಯಯನ ಬಳ್ಳಾರಿ, ಗುಲ್ಬರ್ಗಾ, ಕುಮಟಾ, ನಂಜನಗೂಡುಗಳನ್ನು ನಾಲ್ಕು ಕಂಬಗಳಾಗಿ ನಿಲ್ಲಿಸಿತು. ಅದು ದೊಡ್ಡ ಕೆಲಸ, ಅದರ ಋಣ ನಮ್ಮೆಲ್ಲರ ಮೇಲಿದೆ. ಆದರೆ ನಮ್ಮ ಸೀಮೆ ಆ ನಾಲ್ಕು ಕಂಬಗಳ ನಡುವಿನ ಬಯಲಲ್ಲಿ ಉಳಿಯಿತು. ಹತ್ತಿರದ್ದು ಬಳ್ಳಾರಿ ಅಂತ ಅದರ ಲೆಕ್ಕಕ್ಕೆ ಸೇರಿಸುವುದು ಸುಲಭ. ಆದರೆ ಹಿಂದೂಪುರದ ಸಂತೆಗೆ ಹೋಗುವವನ ಕನ್ನಡ ಗೌರಿಬಿದನೂರು, ಮಧುಗಿರಿಗಳ ಕಡೆ ಮುಖ ಮಾಡಿದೆ.

೩

ಇನ್ನು ಪದಗಳು. ಇಲ್ಲಿ ಎರಡು ಬಗೆ ಮಾಡಿಕೊಳ್ಳದೆ ಮುಂದೆ ಹೋಗುವಂತಿಲ್ಲ: ಎದುರಿಗೆ ಕರೆಯುವ ಮಾತು, ಬೇರೆಯವರಿಗೆ ಹೇಳುವ ಮಾತು.

ಕರೆಯುವಾಗ ಅಪ್ಪನ ಎರಡನೆಯ ಹೆಂಡತಿ ಸಿಕ್ಕಮ್ಮ, ಸಿಕ್ಕವ್ವ. ಮಗು ತೀರ ಎಳೆಯದಾಗಿದ್ದಾಗ ಬಂದವಳಾದರೆ ಅಮ್ಮ, ಅವ್ವ. ಎರಡನೆಯವಳ ಮಕ್ಕಳು ಮೊದಲನೆಯವಳನ್ನು ಕರೆಯುವುದು ದೊಡ್ಡಮ್ಮ. ಮಕ್ಕಳು ಮಕ್ಕಳಲ್ಲಿ ಅಣ್ಣ, ತಮ್ಮ, ಅಕ್ಕ, ತಂಗಿ. ಅದರ ಹಿಂದೆ ಮುಂದೆ ಇನ್ನೇನೂ ಇಲ್ಲ. ಮೂರನೆಯವರಿಗೆ ಗುರುತು ಹೇಳಬೇಕಾದಾಗ ಮಾತ್ರ "ಮೊದಲ್ನೇಳ್ ಮಗ", "ಎರಡ್ನೇಳ್ ಮಕ್ಳು", "ದೊಡ್ಡೆಂಡ್ತಿ ಮಗ್ಳು" ಎನ್ನುತ್ತಾರೆ. ಗಮನಿಸಿ, ಇವು ನೆಂಟಸ್ತಿಕೆಯ ಪದಗಳಲ್ಲ, ವಿವರಣೆಗಳು. ಯಾರ ಹೊಟ್ಟೆಯಲ್ಲಿ ಹುಟ್ಟಿದವರು ಎಂಬುದನ್ನು ಹೇಳುತ್ತವೆ, ಯಾರಿಗೆ ಏನಾಗಬೇಕು ಎಂಬುದನ್ನಲ್ಲ. ಮಲತಾಯಿ, ಮಲಮಗ ಎಂಬ ಪದಗಳು ಈ ಜನಕ್ಕೆ ಗೊತ್ತಿಲ್ಲ ಎಂದಲ್ಲ. ಕಥೆಯಲ್ಲಿ, ನಾಟಕದಲ್ಲಿ, ಪತ್ರಿಕೆಯಲ್ಲಿ, ಟಿವಿಯಲ್ಲಿ ಕೇಳಿದ್ದಾರೆ. ಆದರೆ ಅದು ಕಥೆಯ ಮಾತು. "ಮಲತಾಯಿ, ಊಟಕ್ಕಿಕ್ಕು" ಎಂದು ಕರೆದ ಮಗುವನ್ನು ಯಾರೂ ಕಂಡಿರಲಾರರು.

ತೆಲುಗು ಈ ಜಾಗದಲ್ಲಿ ಬೇರೆ ದಾರಿ ಹಿಡಿದಿದೆ. ಅಲ್ಲಿ ಹೇಳುವ ಮಾತು ಸವತಿ ತಲ್ಲಿ. ಗ್ರಂಥದ ಮಾತು ಮಾರುತಲ್ಲಿ. ಕರೆಯುವ ಮಾತು ಪಿನ್ನಿ, ಪಿನ್ನಮ್ಮ, ಸಿನ್ನಮ್ಮ. ಸವತಿ ತಲ್ಲಿ ಎಂದರೆ ನನ್ನ ತಾಯಿಗೆ ಸವತಿಯಾದವಳು. ಅಂದರೆ ಮಗು ತನ್ನ ಕಣ್ಣಿನಿಂದ ನೋಡದೆ ತಾಯಿಯ ಕಣ್ಣಿನಿಂದ ನೋಡಿ ಹೆಸರಿಡುತ್ತಿದೆ. ತಾಯಿ ತೀರಿಕೊಂಡ ಮೇಲೆ ಬಂದವಳೂ ಸವತಿ ತಲ್ಲಿಯೇ. ಇಲ್ಲದವಳಿಗೂ ಸವತಿ! ಅಲ್ಲಿಂದ ಅದು ಮಕ್ಕಳಿಗೂ ಹಬ್ಬಿ ಸವತಿ ತಮ್ಮುಡು, ಸವತಿ ಅನ್ನ ಆಗಿದೆ. ಕನ್ನಡದಲ್ಲಿ ಸವತಿ ಎಂಬುದು ಮುಖ್ಯವಾಗಿ ಹೆಂಗಸರಿಬ್ಬರ ನಡುವಿನ ಮಾತು. ಹೆಚ್ಚೆಂದರೆ ಹೆಂಗಸು "ಸವತಿ ಮಕ್ಳು" ಅಂದಾಳು. ಶಾಲೆಯಲ್ಲಿ ತೆಲುಗು ಓದಿ ಮನೆಯಲ್ಲಿ ಕನ್ನಡ ಆಡುವ ಮಕ್ಕಳ ಬಾಯಲ್ಲಿ "ಸವತಿ ತಮ್ಮ" ಎಂಬುದು ಬಂದರೆ ಅದನ್ನು ಈ ಎರವಲಿನ ಫಲವೆಂದೇ ತಿಳಿಯಬೇಕು. ನೆಂಟಸ್ತಿಕೆಯ ಪದಗಳು ಎರವಲಿಗೆ ಒಗ್ಗವು ಎಂಬ ನಂಬಿಕೆಯನ್ನು ಈ ಒಂದು ಮಾತು ಸಡಿಲಿಸುತ್ತದೆ.

೪

ಸಿಕ್ಕಮ್ಮ ಎಂದು ಕರೆಯುವುದು ಬರೀ ಮರ್ಯಾದೆಗೋ ಮುಲಾಜಿಗೋ ಎಂದು ಕೆಲವರು ಭಾವಿಸುತ್ತಾರೆ. ನಿಜವಾದ ಪದ ಮಲತಾಯಿ, ಅದನ್ನು ಮರೆಮಾಡಲು ಚಿಕ್ಕಮ್ಮ ಎನ್ನುತ್ತಾರೆ ಎಂಬ ಧಾಟಿ ಇದು. ಈ ಅಭಿಪ್ರಾಯವನ್ನು ಒಪ್ಪುವಂತಿಲ್ಲ.

ನಮ್ಮ ನೆಂಟಸ್ತಿಕೆಯ ವ್ಯವಸ್ಥೆಯನ್ನು ೧೮೭೧ರಲ್ಲಿ ಮಾರ್ಗನ್ ಎಂಬ ಅಮೆರಿಕದ ವಿದ್ವಾಂಸರು ಗುರುತಿಸಿದರು. ೧೯೮೧ರಲ್ಲಿ ಟ್ರೌಟ್‌ಮನ್ ಅವರು ದ್ರಾವಿಡ ನೆಂಟಸ್ತಿಕೆಯ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ಇವರೆಲ್ಲ ಹೇಳುವ ಮೂಲಸೂತ್ರ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ಅಮ್ಮನ ಅಕ್ಕತಂಗಿಯರ ಮಕ್ಕಳು, ಅಪ್ಪನ ಅಣ್ಣತಮ್ಮಂದಿರ ಮಕ್ಕಳು ನಮಗೆ ಅಣ್ಣತಮ್ಮ ಅಕ್ಕತಂಗಿಯರು. ಅಮ್ಮನ ಅಣ್ಣತಮ್ಮಂದಿರ, ಅಪ್ಪನ ಅಕ್ಕತಂಗಿಯರ ಮಕ್ಕಳು ಬಾವ, ಬಾಮೈದ, ಅತ್ತಿಗೆ, ನಾದಿನಿ ಆಗತಕ್ಕವರು. ಮೊದಲ ಗುಂಪಿನಲ್ಲಿ ಮದುವೆ ಕೂಡದು, ಎರಡನೆಯದರಲ್ಲಿ ಕೂಡುತ್ತದೆ.

ಈಗ ಸವತಿಯರಿಬ್ಬರು ಒಬ್ಬರನ್ನೊಬ್ಬರು ಏನೆಂದು ಕರೆಯುತ್ತಾರೆ ನೋಡಿ. ಒಳಗೆ ಏನೇ ಇರಲಿ, ಬಾಯಲ್ಲಿ ಅಕ್ಕ, ತಂಗಿ. ತಾಯಿ ಯಾರನ್ನು ತಂಗಿ ಎನ್ನುತ್ತಾಳೋ ಅವಳು ಮಗುವಿಗೆ ಚಿಕ್ಕಮ್ಮ. ಅಕ್ಕ ಎನ್ನುತ್ತಾಳೋ ಅವಳು ದೊಡ್ಡಮ್ಮ. ಅವರ ಮಕ್ಕಳು ತಾನಾಗಿಯೇ ಅಣ್ಣತಮ್ಮಂದಿರು. ಇಲ್ಲಿ ಯಾವ ಮುಲಾಜೂ ಇಲ್ಲ, ಮರೆಮಾಚುವುದೂ ಇಲ್ಲ. ಇರುವ ನಿಯಮ ತನ್ನಷ್ಟಕ್ಕೆ ತಾನು ನಡೆದು ಈ ಪದಕ್ಕೆ ಬಂದು ನಿಂತಿದೆ. ಹೆಂಡತಿ ಸತ್ತ ಮೇಲೆ ಅವಳ ತಂಗಿಯನ್ನೇ ತರುವ ರೂಢಿಯಲ್ಲಂತೂ ಮಗು ನಾಲಿಗೆಯನ್ನು ಹೊರಳಿಸಬೇಕಾದ ಪ್ರಮೇಯವೇ ಬರುವುದಿಲ್ಲ. ನಿನ್ನೆ ಸಿಕ್ಕಮ್ಮ, ಇವತ್ತೂ ಸಿಕ್ಕಮ್ಮ. ಆದ್ದರಿಂದ ಚಿಕ್ಕಮ್ಮ ಎಂಬುದು ಮಲತಾಯಿಗೆ ಹೊದಿಸಿದ ಸೀರೆಯಲ್ಲ. ಅದೇ ಮೂಲಪದ, ಮಲತಾಯಿಯೇ ಹೊರಗಿನಿಂದ ಅಂಟಿಸಿದ ಚೀಟಿ.

ಇದರ ಪರೀಕ್ಷೆ ಮದುವೆಯ ಚಪ್ಪರದಲ್ಲಿ ಆಗುತ್ತದೆ. ಹೆಣ್ಣನ್ನು ಹಸೆಗೆ ತರುವವನು ಸೋದರಮಾವ. ತಾಯಿ ತೀರಿಕೊಂಡು ಸಿಕ್ಕಮ್ಮ ಸಾಕಿದ ಹುಡುಗಿಗೆ ಸೋದರಮಾವ ಯಾರು? ಹೆತ್ತವಳ ತಮ್ಮನೋ, ಸಾಕಿದವಳ ತಮ್ಮನೋ? ಕರೆಯುವ ಮಾತಿನಲ್ಲಿ ಇಬ್ಬರೂ ಮಾವ. ನಾನು ಕಂಡಂತೆ ಈ ಪ್ರಶ್ನೆ ಬಂದ ಕಡೆ ಹಿರಿಯರು ಇಬ್ಬರನ್ನೂ ಕರೆದು, ಒಬ್ಬ ಒಂದು ಕೈ, ಇನ್ನೊಬ್ಬ ಇನ್ನೊಂದು ಕೈ ಹಿಡಿಯುವಂತೆ ಮಾಡುತ್ತಾರೆ. ನಿಘಂಟಿನ ಪ್ರಕಾರ ಎರಡನೆಯವನು 'ಮಲಸೋದರಮಾವ' ಆಗಬೇಕು. ಹಾಗೆ ಕರೆದರೆ ಆ ಮನುಷ್ಯ ಚಪ್ಪರ ಬಿಟ್ಟು ಎದ್ದು ಹೋದಾನು.

೫

'ಮಲ' ಎಂಬ ಪೂರ್ವಪದದ ವಿಷಯವನ್ನು ಇಲ್ಲಿಯೇ ಹೇಳಬೇಕು. ಅದು ಸಂಸ್ಕೃತದ ಮಲ, ಅಂದರೆ ಕೊಳೆ ಎಂದು ಜನಜನಿತವಾದ ಒಂದು ನಿರುಕ್ತಿ ಇದೆ. ಓದಿದವರೂ ಹಾಗೆ ನಂಬಿರುವುದನ್ನು ಕೇಳಿದ್ದೇನೆ. ಇದು ನಿಲ್ಲುವ ಮಾತಲ್ಲ. ಮೊದಲನೆಯದಾಗಿ, ಸಂಸ್ಕೃತದ ಮಲಕ್ಕೆ ಕನ್ನಡದ ತಾಯಿ, ಮಗ ಸೇರಿದರೆ ಅರಿಸಮಾಸವಾಗುತ್ತದೆ; ಕೇಶಿರಾಜ ಅಂಥವನ್ನು ಪೂರ್ವಕವಿಗಳ ಪ್ರಯೋಗವಿದ್ದಲ್ಲಿ ಮಾತ್ರ ಒಪ್ಪಿದವನು. ಆಡುಮಾತು ಕೇಶಿರಾಜನನ್ನು ಕೇಳಿ ನಡೆಯುವುದಿಲ್ಲ ಎನ್ನಿ, ಸರಿ. ಆದರೆ ಎರಡನೆಯ ಕಾರಣ ಗಟ್ಟಿಯಾದದ್ದು. ಮಲತಾಯಿಗೆ ಎದುರಾಗಿ ಮಲಮಗ, ಮಲಮಗಳು ಇದ್ದಾರೆ, ಮಲತಂದೆ ಇದ್ದಾನೆ. ಪದ ಎರಡೂ ಕಡೆಗೆ ಸಮಾನವಾಗಿ ನಡೆಯುತ್ತದೆ. ಕೊಳೆ ಎಂಬ ನಿಂದೆ ಆ ಹೆಂಗಸಿನ ಮೇಲಿದ್ದರೆ ತಾಯಿ ಸತ್ತ ಕೂಸಿಗೂ ಅದೇ ನಿಂದೆ ಯಾಕೆ? ಮೂರನೆಯದು, ತೆಲುಗಿನ ಮಾರುತಲ್ಲಿಯಲ್ಲೂ ತಮಿಳಿನ ಮಾಟ್ರಾಂದಾಯಿಯಲ್ಲೂ ಇರುವ ಅರ್ಥ 'ಬದಲಿ, ಮತ್ತೊಬ್ಬಳು' ಎಂಬುದು. ಕನ್ನಡದ 'ಮಲ'ವೂ ಎದುರು, ಇನ್ನೊಂದು ಕಡೆ ಎಂಬ ದೇಶ್ಯ ಅರ್ಥದ್ದಿರಬೇಕೆಂದು ಊಹಿಸುವುದು ಯುಕ್ತ. ಹಳಗನ್ನಡದಲ್ಲಿ ಎದುರಾಗು ಎಂಬ ಅರ್ಥದ 'ಮಲೆ' ಧಾತುವಿದೆ. ಕೊಳೆಯನ್ನು ಪದದೊಳಗೆ ತಂದು ಸುರಿದವರು ನಿರುಕ್ತಿಕಾರರು. ಪದಕ್ಕೆ ಆ ದೋಷವಿಲ್ಲ.

ಹಾಗಾದರೆ ಸಂಸ್ಕೃತದಲ್ಲಿ ಏನಿದೆ? ಅಮರಸಿಂಹ ಮನುಷ್ಯವರ್ಗದಲ್ಲಿ ಸಮಾನೋದರ್ಯ, ಸೋದರ್ಯ, ಸಗರ್ಭ್ಯ, ಸಹಜ ಈ ನಾಲ್ಕನ್ನೂ ಪರ್ಯಾಯವೆಂದು ಹೇಳಿದ. ನಾಲ್ಕರಲ್ಲಿ ಮೂರು ನೇರವಾಗಿ ಹೊಟ್ಟೆಯನ್ನು, ಗರ್ಭವನ್ನು ಹಿಡಿದವು. ನಾಲ್ಕನೆಯದು ಕೂಡಿ ಹುಟ್ಟಿದವನು ಎನ್ನುತ್ತದೆ, ನಮ್ಮ ಒಡಹುಟ್ಟಿದವನ ಹಾಗೆ. ಬೇರೆ ತಾಯಿಯಲ್ಲಿ ಹುಟ್ಟಿದವನು ವೈಮಾತ್ರೇಯ. ಸಪತ್ನೀ ಎಂಬುದರಿಂದ ಪ್ರಾಕೃತದ ದಾರಿಯಾಗಿ ನಮ್ಮ ಸವತಿ ಬಂತು. ಕೌತುಕವೆಂದರೆ ಅದೇ ಸಪತ್ನೀ ಶಬ್ದದಿಂದ ಪುಲ್ಲಿಂಗದಲ್ಲಿ ಸಪತ್ನ ಎಂದಾಗಿ ಅದಕ್ಕೆ ಶತ್ರು ಎಂದೇ ಅರ್ಥ ನಿಂತಿತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪಾಣಿನಿ, ಭ್ರಾತೃವ್ಯ ಎಂಬ ಪದಕ್ಕೆ ಸಹೋದರನ ಮಗ ಎಂಬ ಅರ್ಥದಲ್ಲಿ ಒಂದು ಪ್ರತ್ಯಯ, ಶತ್ರು ಎಂಬ ಅರ್ಥದಲ್ಲಿ ಇನ್ನೊಂದು ಪ್ರತ್ಯಯ ವಿಧಿಸಿ, ಸ್ವರದಲ್ಲಿ ಮಾತ್ರ ಭೇದ ತೋರಿಸಿದ. ಕೇಳುವ ಕಿವಿಗೆ ದಾಯಾದಿಯೂ ಹಗೆಯೂ ಒಂದೇ ಶಬ್ದ. ಆಸ್ತಿ ಇರುವ ಕಡೆ ಶಬ್ದಗಳು ಹೀಗೆ ಮೊನಚಾಗುತ್ತವೆ.

ಇದೇ ಪರಂಪರೆ ಮತ್ತೊಂದನ್ನೂ ಕೊಟ್ಟಿದೆ. ಯಕ್ಷಪ್ರಶ್ನದಲ್ಲಿ ಒಬ್ಬ ತಮ್ಮನನ್ನು ಬದುಕಿಸುತ್ತೇನೆ, ಯಾರು ಬೇಕು ಎಂದಾಗ ಧರ್ಮರಾಯ ಭೀಮನನ್ನೂ ಅರ್ಜುನನನ್ನೂ ಬಿಟ್ಟು ನಕುಲನನ್ನು ಕೇಳುತ್ತಾನೆ. ಕುಂತಿಗೆ ನಾನಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಬೇಕು ಎಂಬುದು ಅವನ ವಾದ. ಅಲ್ಲಿ ಅವನು ನಕುಲನನ್ನು ವೈಮಾತ್ರೇಯ ಎಂದು ನೋಡಿದ್ದರಿಂದಲೇ ಆ ಧರ್ಮಸೂಕ್ಷ್ಮ ಹೊಳೆಯಿತು ಎಂಬುದನ್ನು ಮರೆಯಬಾರದು. ಭೇದ ಗೊತ್ತಿದ್ದೂ ಭೇದ ಎಣಿಸದಿರುವುದು ಬೇರೆ. ಭೇದವೇ ಇಲ್ಲ ಎನ್ನುವುದು ಬೇರೆ.

ನಮ್ಮ ಸೀಮೆಯ ಚರಿತ್ರೆಯಲ್ಲೇ ಇದಕ್ಕೆ ಉದಾಹರಣೆ ಇದೆ. ತುಳುವ ನರಸನಾಯಕನ ಮಕ್ಕಳಲ್ಲಿ ವೀರನರಸಿಂಹ ತಿಪ್ಪಾಂಬಿಕೆಯ ಮಗ, ೧೫೦೯ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯ ನಾಗಲಾಂಬಿಕೆಯ ಮಗ, ೧೫೨೯ರಲ್ಲಿ ಬಂದ ಅಚ್ಯುತರಾಯ ಓಬಾಂಬಿಕೆಯ ಮಗ. ಲೇಪಾಕ್ಷಿಯ ಗುಡಿಯನ್ನು ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ್ದು ಈ ಅಚ್ಯುತನ ಕಾಲದಲ್ಲಿ. ಅರಮನೆಯ ತಾಮ್ರಶಾಸನದ ಪ್ರಶಸ್ತಿಕವಿ ತಾಯಂದಿರ ಹೆಸರನ್ನು ಬೇರೆ ಬೇರೆಯಾಗಿ ಹೇಳಿ, ಮೊದಲಿಬ್ಬರನ್ನು ಕೌಸಲ್ಯೆ ಸುಮಿತ್ರೆಯರಿಗೂ ಮಕ್ಕಳನ್ನು ರಾಮಲಕ್ಷ್ಮಣರಿಗೂ ಹೋಲಿಸಿದ. ಅದೇ ಇಬ್ಬರ ವಿಷಯದಲ್ಲಿ ಪೋರ್ಚುಗೀಸರ ನೂನಿಜ್ ಬರೆದಿಟ್ಟದ್ದು ಬೇರೆ ಕಥೆ: ಸಾಯುವ ಅಣ್ಣ ತನ್ನ ಮಗನಿಗೆ ಪಟ್ಟವಾಗಲೆಂದು ತಮ್ಮನ ಕಣ್ಣು ಕೀಳಿಸಲು ಹೇಳಿದ, ಮಂತ್ರಿ ಆಡಿನ ಕಣ್ಣು ತಂದು ತೋರಿಸಿದ. ಕಥೆ ನಿಜವೋ ಅಲ್ಲವೋ, ಜನ ನಂಬುವ ಹಾಗೆ ಹುಟ್ಟಿತು ಎಂಬುದು ಮುಖ್ಯ. ಶಾಸನದ ಮಾತೂ ಬೀದಿಯ ಮಾತೂ ಒಂದೇ ಸಂಬಂಧಕ್ಕೆ ಎರಡು ಭಾಷೆ ಆಡುತ್ತವೆ. ಎರಡನ್ನೂ ಬರೆದುಕೊಳ್ಳದ ಪದಪಟ್ಟಿ ಅರ್ಧ ಪಟ್ಟಿ.

೬

ಇದುವರೆಗೆ ಹೇಳಿದ್ದು ಅಪ್ಪನ ಕಡೆಯಿಂದ ಬಂದ ಎರಡನೆಯ ಸಂಸಾರ. ತಾಯಿಯ ಎರಡನೆಯ ಮದುವೆಯ ವಿಷಯಕ್ಕೆ ಬಂದರೆ ನಮ್ಮ ಉಪಭಾಷೆ ತಡವರಿಸುತ್ತದೆ. ಪಟ್ಟಿಗಳು ಇಲ್ಲಿ ಏನನ್ನೂ ಹೇಳದೆ ಮಲತಂದೆ ಎಂದು ಬರೆದು ಮುಂದೆ ಹೋಗಿವೆ. ನನ್ನ ಮುಖ್ಯ ತಕರಾರು ಇರುವುದು ಈ ಜಾಗದಲ್ಲಿ.

ಕೂಡಿಕೆ, ಉಡಿಕೆ, ಸೀರುಡಿಕೆ ಎಂಬ ಹೆಸರುಗಳಲ್ಲಿ ಗಂಡ ಸತ್ತವಳ, ಬಿಟ್ಟವಳ ಮರುಮದುವೆ ಅನೇಕ ಸಮುದಾಯಗಳಲ್ಲಿ ನಡೆದುಬಂದಿದೆ, ತೆಲುಗಿನಲ್ಲಿ ಮಾರುಮನುವು. ೧೮೫೬ರ ವಿಧವಾ ವಿವಾಹದ ಕಾಯಿದೆ ಬರುವುದಕ್ಕೆ ಎಷ್ಟೋ ಮೊದಲಿಂದ ಇದ್ದ ರೂಢಿ ಇದು. ಸವತಿಯರು ಅಕ್ಕತಂಗಿಯರೆಂದು ಕರೆದುಕೊಳ್ಳಬಹುದು. ಆದರೆ ಒಬ್ಬಳ ಮೊದಲ ಗಂಡ, ಎರಡನೆಯ ಗಂಡ ಎಂದಾದರೂ ಅಣ್ಣತಮ್ಮ ಎಂದು ಕರೆದುಕೊಂಡದ್ದುಂಟೆ? ಇಲ್ಲ. ಆದ್ದರಿಂದ ಚಿಕ್ಕಮ್ಮನನ್ನು ಹುಟ್ಟಿಸಿದ ನಿಯಮ ಚಿಕ್ಕಪ್ಪನನ್ನು ಹುಟ್ಟಿಸುವುದಿಲ್ಲ. ಮಗು ಏನು ಕರೆಯಬೇಕು? ಕೆಲವು ಮನೆಗಳಲ್ಲಿ ಸಿಕ್ಕಪ್ಪ, ಕೆಲವು ಮನೆಗಳಲ್ಲಿ ಅಪ್ಪ. ಇನ್ನು ಕೆಲವು ಕಡೆ ಏನೂ ಕರೆಯುವುದಿಲ್ಲ. "ಉಣ್ಣಾಕ್ ಬರ್ಬೇಕಂತೆ", "ಯಾರೋ ಬಂದವ್ರೆ ನೋಡ್ಬೇಕಂತೆ" ಎಂದು ಹೆಸರೂ ಸಂಬಂಧವೂ ಇಲ್ಲದ ವಾಕ್ಯದಲ್ಲಿ ವರ್ಷಗಟ್ಟಲೆ ದಾಟಿಸುವ ಮಕ್ಕಳಿದ್ದಾರೆ. ಕರೆಯದಿರುವುದೂ ಒಂದು ಪ್ರಯೋಗ. ಪ್ರಶ್ನಾವಳಿಯಲ್ಲಿ ಅದಕ್ಕೆ ಜಾಗವಿಲ್ಲದ್ದರಿಂದ ಆ ಖಾಲಿಯಲ್ಲಿ ಮಲತಂದೆ ಬಂದು ಕೂರುತ್ತಾನೆ.

ತಾಯಿಯ ಜೊತೆಯಲ್ಲಿ ಬಂದ ಆ ಮಗುವಿಗೆ ಹೇಳುವ ಮಾತೂ ಹೀಗೆಯೇ: "ಅವ್ಳ್ ಜೊತೇಲಿ ಬಂದ್ ಮಗ". ಪದವಲ್ಲ, ಬೆರಳು ತೋರಿಸುವುದು. ಸ್ಮೃತಿಯಲ್ಲೂ ನೋಡಿದೆ. ಮನು ಹನ್ನೆರಡು ಬಗೆಯ ಪುತ್ರರನ್ನು ಎಣಿಸುತ್ತಾನೆ. ಮದುವೆಗೆ ಮುಂಚೆ ಹುಟ್ಟಿದವನು ಕಾನೀನ, ಬಸುರಿಯಾಗಿ ಮದುವೆಯಾದವಳ ಮಗ ಸಹೋಢ, ಮರುಮದುವೆಯಾದವಳು ಎರಡನೆಯ ಗಂಡನಲ್ಲಿ ಹೆತ್ತವನು ಪೌನರ್ಭವ. ದತ್ತ, ಕ್ರೀತ, ತಾನೇ ಬಂದು ಮಗನಾಗುವ ಸ್ವಯಂದತ್ತನೂ ಇದ್ದಾನೆ. ಹುಟ್ಟಿ, ನಡೆಯಲು ಕಲಿತು, ತಾಯಿಯ ಕೈ ಹಿಡಿದು ಹೊಸ ಮನೆಯ ಹೊಸಿಲು ದಾಟಿದ ಕೂಸಿಗೆ ಮಾತ್ರ ಹನ್ನೆರಡರಲ್ಲಿ ಒಂದು ಹೆಸರೂ ಇಲ್ಲ.

ಹೆಸರಿಲ್ಲದ್ದು ಬರೀ ಪದದ ಬಡತನವಲ್ಲ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ರಕ್ತಸಂಬಂಧವನ್ನು ಮೂರಾಗಿ ಒಡೆಯುತ್ತದೆ: ತಂದೆ ತಾಯಿ ಇಬ್ಬರೂ ಒಂದೇ ಆದ ಪೂರ್ಣರಕ್ತ, ತಂದೆ ಒಬ್ಬ, ತಾಯಂದಿರು ಬೇರೆಯಾದ ಅರ್ಧರಕ್ತ, ತಾಯಿ ಒಬ್ಬಳು, ತಂದೆಯರು ಬೇರೆಯಾದ ಉದರರಕ್ತ. ಮಕ್ಕಳಿಲ್ಲದೆ ಸತ್ತವನ ಆಸ್ತಿ ಕ್ರಮವಾಗಿ ಒಡಹುಟ್ಟಿದವರಿಗೆ ಬರುವ ಎರಡನೆಯ ವರ್ಗದಲ್ಲಿ, ಸಹೋದರ ಸಹೋದರಿ ಎಂಬುದಕ್ಕೆ ಒಂದು ವಿವರಣೆ ಇದೆ: ಉದರರಕ್ತದವರು ಇದರೊಳಗೆ ಸೇರುವುದಿಲ್ಲ. ಅರ್ಧರಕ್ತದವರು ಸೇರುತ್ತಾರೆ, ಪೂರ್ಣರಕ್ತದವರ ನಂತರ. ಈಗ ಪದದ ಅರ್ಥ ನೋಡಿ. ಸಹೋದರ ಎಂದರೆ ಒಂದೇ ಉದರದವನು. ತಂದೆ ಒಬ್ಬನಾಗಿ ತಾಯಿ ಬೇರೆಯಾದವನು ಶಬ್ದಾರ್ಥದಿಂದ ಸಹೋದರನೇ ಅಲ್ಲ. ಅವನು ಕಾಯಿದೆಯ ಸಹೋದರ. ತಾಯಿ ಒಬ್ಬಳಾದವನು ಶಬ್ದಾರ್ಥದಿಂದ ನೂರಕ್ಕೆ ನೂರು ಸಹೋದರ; ಅವನು ಕಾಯಿದೆಯ ಸಹೋದರನಲ್ಲ. ಅಮರಸಿಂಹನ ನಾಲ್ಕು ಪದಗಳೂ ಸಾಕ್ಷಿ ಹೇಳಿದರೂ ಅವನಿಗೆ ಆ ಸಾಲಿನಲ್ಲಿ ಪಾಲಿಲ್ಲ.

ಇನ್ನೊಂದು ವಿಚಿತ್ರವಿದೆ. ೧೯೫೫ರ ಹಿಂದೂ ವಿವಾಹ ಕಾಯಿದೆಯಲ್ಲಿ ಯಾರು ಯಾರನ್ನು ಮದುವೆಯಾಗಬಾರದು ಎಂದು ಹೇಳುವಾಗ ಅರ್ಧರಕ್ತ, ಉದರರಕ್ತ ಎರಡನ್ನೂ ಪೂರ್ಣರಕ್ತದ ಜೊತೆ ಸೇರಿಸಿದ್ದಾರೆ. ಅಂದರೆ ಮದುವೆಯ ಅಡ್ಡಿಗೆ ಅಣ್ಣ, ಆಸ್ತಿಯ ಆ ಪಂಕ್ತಿಗೆ ಅಣ್ಣನಲ್ಲ. ಮಲಮಗನ ಪಾಡೂ ಇಂಥದೇ. ೧೯೮೭ರಲ್ಲಿ ಸುಪ್ರೀಂ ಕೋರ್ಟು, ಹೆಂಗಸಿನ ಆಸ್ತಿಯಲ್ಲಿ ಮೊದಲು ಬರುವ 'ಮಗ' ಎಂಬ ಪದದೊಳಗೆ ಮಲಮಗ ಬರುವುದಿಲ್ಲ, ಅವನು ಗಂಡನ ವಾರಸುದಾರನಾಗಿ ಆಮೇಲೆ ಬರಬೇಕು ಎಂದು ತೀರ್ಮಾನಿಸಿತು. ಇದು ಸರಿಯೋ ತಪ್ಪೋ ಎಂದು ಹೇಳುವುದು ಕಾನೂನು ಬಲ್ಲವರ ಕೆಲಸ. ಭಾಷೆಯವರಾಗಿ ನಾವು ಕೇಳಬೇಕಾದದ್ದು ಇಷ್ಟು: ಅರ್ಧರಕ್ತದವನು, ಉದರರಕ್ತದವನು, ರಕ್ತವೇ ಹಂಚಿಕೊಳ್ಳದೆ ಒಂದು ಸೂರಿನಡಿ ಬೆಳೆದವನು, ಈ ಮೂವರನ್ನೂ 'ಮಲಸಹೋದರ' ಎಂಬ ಒಂದೇ ಚೀಲಕ್ಕೆ ಹಾಕಿದರೆ ಹೇಗೆ? ವಂಶವೃಕ್ಷ ಬರೆಸುವವನು, ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವನು, ಮನೆಯಲ್ಲಿ "ನಮ್ಮಣ್ಣ" ಎಂದದ್ದು ಕಾಗದದಲ್ಲಿ ಏನಾಗಬೇಕೆಂದು ತಿಳಿಯದೆ ನಿಲ್ಲುತ್ತಾನೆ. ನಮ್ಮ ಕಡೆ ಅವನು ಎರಡು ಸಲ ನಿಲ್ಲಬೇಕು. ಮನೆಯ ಕನ್ನಡದಿಂದ ಕಚೇರಿಯ ತೆಲುಗಿಗೆ, ತೆಲುಗಿನಿಂದ ಕಾಯಿದೆಯ ಇಂಗ್ಲಿಷಿಗೆ. ಪ್ರತಿ ದಾಟಿನಲ್ಲೂ ಯಾರೋ ಒಬ್ಬ ತಮ್ಮ ನೀರಿಗೆ ಬೀಳುತ್ತಾನೆ.

೭

ಮಲತಾಯಿ ಎಂಬ ಪದದ ಇನ್ನೊಂದು ಬಳಕೆಯನ್ನು ಈ ವಿಚಾರಸಂಕಿರಣದಲ್ಲಿ ಎತ್ತದೆ ಬಿಡುವುದು ಸರಿಯಲ್ಲ. ಗಡಿನಾಡ ಕನ್ನಡಿಗರ ಬಗ್ಗೆ ಬರೆಯುವವರು, ಮಾತಾಡುವವರು 'ಮಲತಾಯಿ ಧೋರಣೆ' ಎಂಬ ನುಡಿಗಟ್ಟಿಲ್ಲದೆ ಒಂದು ಪುಟ ದಾಟುವುದಿಲ್ಲ. ೧೯೫೩ರಲ್ಲಿ ಆಂಧ್ರ ರಾಜ್ಯವಾದಾಗಿನಿಂದ, ೧೯೫೬ರ ರಾಜ್ಯ ಪುನರ್ವಿಂಗಡಣೆಯ ಮೇಲಂತೂ, ನಾವು ಮಲತಾಯಿಯ ಮನೆಯ ಮಕ್ಕಳು, ಹೆತ್ತ ತಾಯಿ ಅತ್ತ ಇದ್ದಾಳೆ ಎಂದು ನಮ್ಮ ಪರವಾಗಿಯೇ ಹೇಳುತ್ತಾರೆ. ಅವರ ಅಭಿಮಾನ ದೊಡ್ಡದು. ಆದರೆ ಈ ನುಡಿಗಟ್ಟು ನಮ್ಮ ಹಟ್ಟಿಯಲ್ಲಿ ಹುಟ್ಟಿದ್ದಲ್ಲ. ಇಂಗ್ಲಿಷ್ ಪತ್ರಿಕೆಯ ಭಾಷೆಯಿಂದ ಕನ್ನಡ ಪತ್ರಿಕೆಗೆ ಇಳಿದದ್ದು. ತೆಲುಗಿನವರು 'ಸವತಿ ತಲ್ಲಿ ಪ್ರೇಮ' ಎನ್ನುತ್ತಾರೆ. ಕುಹಕವಿದ್ದರೂ ಅಲ್ಲಿ ಪ್ರೇಮ ಎಂಬ ಪದವಾದರೂ ಉಳಿದಿದೆ. ನಾವು ಅದನ್ನೂ ತೆಗೆದು ಧೋರಣೆ ಎಂದು ಮಾಡಿದೆವು. ಸಭೆಯ ಹಿಂದಿನ ಸಾಲಲ್ಲಿ ಯಾರದೋ ಮಕ್ಕಳನ್ನು ಸಾಕಿ, ಓದಿಸಿ, ಮದುವೆ ಮಾಡಿದ ಸಿಕ್ಕಮ್ಮಂದಿರೂ ಕೂತಿರುತ್ತಾರೆ ಎಂಬುದು ವೇದಿಕೆಯ ಮೇಲಿರುವವರಿಗೆ ನೆನಪಿದ್ದರೆ ಒಳ್ಳೆಯದು. ಸರಕಾರಗಳ ಅಸಡ್ಡೆಯನ್ನು ಅಸಡ್ಡೆ ಎಂದೇ ಕರೆಯಬಹುದು. ಅದಕ್ಕೆ ಒಂದು ನೆಂಟಸ್ತಿಕೆಯನ್ನು ಬಲಿ ಕೊಡಬೇಕಾಗಿಲ್ಲ.

ಹಾಗೆಂದು ಆಡುಮಾತನ್ನು ಹೊಗಳಿ ಅಟ್ಟಕ್ಕೇರಿಸುವುದೂ ನನ್ನ ಉದ್ದೇಶವಲ್ಲ. ಸಿಕ್ಕಮ್ಮ ಎಂದು ಕರೆದ ಮಾತ್ರಕ್ಕೆ ಕೂಸಿಗೆ ಹೊಟ್ಟೆ ತುಂಬ ಅನ್ನ ಬೀಳುತ್ತದೆ ಎಂದೇನಿಲ್ಲ. ಜಮೀನು ಪಾಲಾಗುವ ದಿನ, ಮಗ್ಗ ಯಾರಿಗೆ ಎಂಬ ಮಾತು ಬಂದ ದಿನ, ಅಷ್ಟು ದಿನ ಅಣ್ಣತಮ್ಮ ಎಂದವರ ಬಾಯಲ್ಲೇ "ನೀನ್ ಯಾವ್ಳ್ ಒಟ್ಟೇಲಿ ಉಟ್ದೋನು?" ಎಂಬ ಪ್ರಶ್ನೆ ಬರುತ್ತದೆ. "ಒಂದೊಟ್ಟೇಲಿ ಉಟ್ದೋರಾ ನಾವು?" ಎಂಬ ಉತ್ತರವೂ ಬರುತ್ತದೆ. ಆ ಮಾತುಗಳೂ ಉಪಭಾಷೆಯ ಸೊತ್ತೇ. ಆಡುಮಾತಿಗೆ ಭೇದ ಗೊತ್ತಿಲ್ಲ ಎಂದಲ್ಲ. ಅದನ್ನು ದಿನಬಳಕೆಯ ಪಾತ್ರೆಗಳ ಜೊತೆ ಇಡದೆ ಜಂತಿಯಲ್ಲಿ ಸಿಕ್ಕಿಸಿಟ್ಟಿದೆ. ಬೇಕಾದ ದಿನ ಕೈಗೆ ಸಿಗುತ್ತದೆ.

೮

ಆದ್ದರಿಂದ ಮುಂದಿನ ಕ್ಷೇತ್ರಕಾರ್ಯಕ್ಕೆ ಕೆಲವು ಸೂಚನೆಗಳು. ನೆಂಟಸ್ತಿಕೆಯ ಪಟ್ಟಿಯಲ್ಲಿ ಪ್ರತಿ ಸಂಬಂಧಕ್ಕೂ ಒಂದು ಮನೆಯ ಬದಲು ನಾಲ್ಕು ಮನೆ ಬೇಕು: ಕರೆಯುವ ಮಾತು, ಗುರುತು ಹೇಳುವ ಮಾತು, ಜಗಳದ ಮಾತು, ಕಾಗದದ ಮಾತು. ಕರೆಯುವ ಮಾತಿಲ್ಲದ ಕಡೆ 'ಕರೆಯುವುದಿಲ್ಲ' ಎಂದೇ ಬರೆಯಬೇಕು. ಪುಸ್ತಕದ ಪದದಿಂದ ಅದನ್ನು ತುಂಬಬಾರದು. ಪ್ರಶ್ನೆ ಕೇಳುವಾಗ ಮಲತಾಯಿ, ಮಲತಂದೆ ಎಂಬ ಪದಗಳನ್ನು ಬಾಯಿಗೇ ತರದೆ, "ನಿಮ್ಮಪ್ಪ ಇನ್ನೊಂದು ಮದುವೆಯಾದ್ರೆ ಆ ತಾಯೀನ ಏನಂತ ಕರೀತೀರಿ, ಆಕೆಯ ತಮ್ಮನ್ನ ಏನಂತೀರಿ" ಎಂದು ಸಂಬಂಧವನ್ನು ಬಿಡಿಸಿ ಕೇಳಬೇಕು. ತಂದೆ ಒಬ್ಬ, ತಾಯಿ ಒಬ್ಬಳು, ಇಬ್ಬರೂ ಬೇರೆ ಎಂಬ ಮೂರು ಬಗೆಯ ಒಡಹುಟ್ಟುಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಎರಡು ಭಾಷೆ ಆಡುವ ಮನೆಗಳಲ್ಲಿ ಎರಡೂ ಭಾಷೆಯ ಉತ್ತರವನ್ನು ಒಂದರ ಪಕ್ಕ ಒಂದು ಬರೆಯಬೇಕು. ಗಂಡಸರ ಉತ್ತರದಿಂದ ತೃಪ್ತರಾಗದೆ ಹೆಂಗಸರನ್ನೂ ಮಕ್ಕಳನ್ನೂ ಕೇಳಬೇಕು. ಈ ಪದಗಳು ನಿಜವಾಗಿ ಓಡಾಡುವುದು ಅಡುಗೆಮನೆಗೂ ಹಿತ್ತಲಿಗೂ ನಡುವೆ, ಜಗಲಿಯ ಮೇಲೆ ಅಲ್ಲ.

ನಿಘಂಟುಕಾರರಿಗೂ ಒಂದು ಬಿನ್ನಹ. ಮಲತಾಯಿ ಎಂಬ ಉಲ್ಲೇಖದಲ್ಲಿ ಇದು ಕಥೆಯ, ಬರಹದ ಪದವೆಂದೂ ಕರೆಯುವ ಪದವಲ್ಲವೆಂದೂ ಒಂದು ಮಾತು ಸೇರಿಸಬೇಕು. ಚಿಕ್ಕಮ್ಮ ಎಂಬಲ್ಲಿ ತಾಯಿಯ ತಂಗಿ, ಚಿಕ್ಕಪ್ಪನ ಹೆಂಡತಿ ಎಂಬ ಎರಡು ಅರ್ಥಗಳ ಜೊತೆಗೆ ತಂದೆಯ ಎರಡನೆಯ ಹೆಂಡತಿ ಎಂಬ ಅರ್ಥವನ್ನು ಗೌಣವೆಂದು ಕೊನೆಗೆ ತಳ್ಳದೆ ಸಮಾನವಾಗಿ ಕೊಡಬೇಕು. ಕಾಯಿದೆಯನ್ನು ಕನ್ನಡಿಸುವವರು, ಅರ್ಜಿ ನಮೂನೆ ತಯಾರಿಸುವವರು ನಮ್ಮ ಪಟ್ಟಿಗಳಿಂದಲೇ ಪದ ತೆಗೆದುಕೊಳ್ಳುತ್ತಾರೆ. ಪಟ್ಟಿಯಲ್ಲಿ ಒಂದೇ ಪದವಿದ್ದರೆ ಅವರೂ ಒಂದೇ ಪದ ಬಳಸುತ್ತಾರೆ. ಆಗ ತಾಯಿಯ ಜೊತೆಯಲ್ಲಿ ಬಂದ ಮಗು ಯಾರ ಪಟ್ಟಿಯಲ್ಲೂ ತನ್ನ ಹೆಸರಿನಿಂದ ಕಾಣಿಸುವುದಿಲ್ಲ. ಆ ಮಗುವಿಗೆ ನಾವು ಹೊಸ ಪದ ಕಟ್ಟಿ ಕೊಡಬೇಕಾಗಿಲ್ಲ. ಅದು ತನ್ನ ಮನೆಯಲ್ಲಿ ಯಾರನ್ನು ಏನೆಂದು ಕರೆಯುತ್ತದೆ ಎಂಬುದನ್ನು ಹೋಗಿ, ಕೂತು, ಕೇಳಿಕೊಂಡು ಬಂದರೆ ಸಾಕು.